ಬೆಳಗಿನ ನಡುಕ

ಜುಲೈ 7, ಸೋಮವಾರ

ಈ ಡೈರಿ ಜನವರಿಯಲ್ಲಿ ಒಂದು ಮೈಕ್ರೋಸ್ಕೋಪ್ ಕಂಪನಿಯವರು ಕೊಟ್ಟದ್ದು. ಆರು ತಿಂಗಳಿಂದ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಇವತ್ತು ಸಂಜೆ ನಮ್ಮವರು ಕಾಫಿ ಲೋಟ ಕೆಳಗಿಟ್ಟು, “ರಾಗಿಣಿ, ನಿನ್ ಲ್ಯಾಬ್ ಪುರಾಣ ಕೇಳಿ ಕೇಳಿ ನಂಗ್ ಸಾಕಾಗೋಗಿದೆ ಕಣೇ. ಅದ್ರಲ್ಲಿ ಬರ್ಕೊ” ಅಂದರು. ಆಗಲಿ. ಡೈರಿ ನಡುವೆ ಎದ್ದುಹೋಗಿ ಟಿವಿ ಹಾಕುವುದಿಲ್ಲ, ಅಷ್ಟಾದರೂ ಅನುಕೂಲ.

ಮದುವೆ ಮನೆಗಳಲ್ಲಿ ಏನು ಕೆಲಸ ಅಂತ ಕೇಳಿದವರಿಗೆ ಡಾಕ್ಟರುಗಳಿಗೆ ಹೊಲಿಗೆ ಕಲಿಸುತ್ತೇನೆ ಅನ್ನುತ್ತೇನೆ. ಟೈಲರಿಂಗಾ ಅನ್ನುತ್ತಾರೆ. ಅಲ್ಲ, ತುಂಡಾದ ಬೆರಳಿಗೆ ಮತ್ತೆ ರಕ್ತ ಹರಿಯಬೇಕಾದರೆ ಶಾವಿಗೆ ಎಳೆಯಷ್ಟು ಸಣ್ಣ ರಕ್ತನಾಳವನ್ನು ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯಬೇಕು, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಹೊಲಿಯಬೇಕು, ಅದನ್ನು ಕಲಿಸುವವಳು ನಾನು ಅಂತ ವಿವರಿಸುವಷ್ಟರಲ್ಲಿ ಎಲೆಗೆ ಪಾಯಸ ಬಂದಿರುತ್ತದೆ.

ಇವತ್ತು ಹೊಸ ಬ್ಯಾಚು. ಆರು ಜನ. ನಾಲ್ವರು ಸರ್ಜನ್ನುಗಳು, ಇಬ್ಬರು ಇಲಿಗಳ ಮೇಲೆ ಸಂಶೋಧನೆ ಮಾಡುವವರು. ಒಂಬತ್ತು ಗಂಟೆ ಅಂದರೆ ಒಂಬತ್ತೂಮುಕ್ಕಾಲು. ಐವರ ಕೈಯಲ್ಲಿ ಕಾಫಿ. ಕಾಫಿ ಬೇಡ, ಸಿಗರೇಟು ಬೇಡ, ಜಿಮ್ಮು ಬೇಡ, ಶಟಲ್ ಬೇಡ, ಕೈ ನಡುಗುತ್ತದೆ ಅಂತ ಒಂದು ವಾರ ಮೊದಲೇ ಬರೆದು ಕಳಿಸಿರುತ್ತೇನೆ. ಕಣ್ಣಿಗೆ ಕಾಣದ ನಡುಕ ಕೂಡ ಲೆನ್ಸಿನ ಕೆಳಗೆ ಭೂಕಂಪ. ಓದುವವರು ಯಾರು? ಒಬ್ಬ ಸರ್ಜನ್ ನನ್ನನ್ನೇ ಕೇಳಿದ, “ಸಿಸ್ಟರ್, ಮೇನ್ ಇನ್‌ಸ್ಟ್ರಕ್ಟರ್ ಯಾವಾಗ ಬರ್ತಾರೆ?”

“ಬಂದು ಮುಕ್ಕಾಲು ಗಂಟೆ ಆಯ್ತು” ಅಂದೆ.

ಜುಲೈ 8, ಮಂಗಳವಾರ

ನಿರ್ದೇಶಕರು, ಡಾ. ಯೋಗಾನಂದ, ಕರೆದು ಕೂರಿಸಿ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದಾಗಲೇ ನನಗೆ ಏನೋ ಕಾದಿದೆ ಅನ್ನಿಸಿತು. ಆ ಮನುಷ್ಯ ಒಳ್ಳೆಯ ಸುದ್ದಿಗೆ ಬಿಸ್ಕತ್ತು ಖರ್ಚು ಮಾಡುವವರಲ್ಲ.

“ರಾಗಿಣಿ, ಟ್ರೈನಿಂಗಿಗೆ ಒಬ್ರು ಹೆಡ್ ಬೇಕು. ಆಗಸ್ಟಲ್ಲಿ ಮಾನ್ಯತೆ ಕೊಡೋರು ಬರ್ತಾರೆ. ಎಂ.ಎಸ್. ಆದೋರು ಇದ್ರೆ ನೋಡೋಕೆ ಚೆನ್ನಾಗಿರುತ್ತೆ.”

“ಹದಿನೇಳು ವರ್ಷದಿಂದ ಕಲಿಸ್ತಿರೋದು ನಾನು ಸಾರ್.”

“ಅದನ್ನ ನಾನು ಇಲ್ಲ ಅಂದ್ನಾ? ಬ್ಯಾಚಲ್ಲಿ ಮಹದೇವ್ ಅಂತ ಇದಾರಲ್ಲ, ಅವ್ರನ್ನ ಆ ಜಾಗಕ್ಕೆ ಅಂತಾನೇ ಕರ್ಸಿರೋದು. ಆದ್ರೆ ಮೊದ್ಲು ನಿಮ್ ಟೆಸ್ಟ್ ಪಾಸಾಗ್ಲಿ. ತಿಂಗ್ಳ ಕೊನೆವರ್ಗೂ ಟೈಮು, ಮೂರು ಸಲ. ನಿಮ್ ಸೈನ್ ಇಲ್ದೆ ನಾನ್ ಯಾರ್ನೂ ಆ ಕುರ್ಚೀಲಿ ಕೂರ್ಸಲ್ಲ. ಅವ್ರ್ ಕೈಲಿ ಆಗ್ಲಿಲ್ವಾ, ನಿಮ್ ಹೆಸ್ರೇ ಕಳಿಸ್ತೀನಿ. ಯಾರ್ ಏನ್ ಬೇಕಾದ್ರೂ ಅನ್ಲಿ.”

ಅಂದರೆ ನನ್ನ ತಲೆಯ ಮೇಲೆ ಕೂರುವವನಿಗೆ ಕೂರುವುದನ್ನು ನಾನೇ ಹೇಳಿಕೊಡಬೇಕು. ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದಿದವಳು ಡಾಕ್ಟರುಗಳಿಗೆ ಹೆಡ್ ಆದರೆ ನೋಡಲು ಚೆನ್ನಾಗಿರುವುದಿಲ್ಲ, ಆದರೆ ಆ ಡಾಕ್ಟರುಗಳ ಕೈ ತಿದ್ದಲು ಚೆನ್ನಾಗಿರುತ್ತದೆ. ಇರಲಿ. ನನ್ನ ಸಹಿಗೆ ಬೆಲೆ ಇದೆ ಅಂತ ಅವರೇ ಒಪ್ಪಿಕೊಂಡರಲ್ಲ. ಹದಿನೇಳು ವರ್ಷದಲ್ಲಿ ಒಂದೂ ತಪ್ಪು ಸಹಿ ಹಾಕಿದವಳಲ್ಲ ನಾನು. ಕೈ ನೋಡಿದರೆ ಸಾಕು, ನನಗೆ ಗೊತ್ತಾಗಿಬಿಡುತ್ತದೆ.

ಬಿಸ್ಕತ್ತು ಮೆತ್ತಗಾಗಿತ್ತು.

ಜುಲೈ 10, ಗುರುವಾರ

ಒಬ್ಬಳು ಸೂಜಿ ಕಳೆದಳು. ಮೂರು ಮಿಲಿಮೀಟರಿನ ಸೂಜಿ. ಆರು ಜನ ವಿದ್ಯಾವಂತರು ನೆಲದ ಮೇಲೆ ಮೊಣಕಾಲೂರಿ ಹುಡುಕಿದ್ದೇ ಹುಡುಕಿದ್ದು, ಕೊನೆಗೆ ಅದು ಅವಳದೇ ತೋಳಿನ ಮೇಲೆ ಸಿಕ್ಕಿತು. ಇನ್ನೊಬ್ಬನ ಫೋನು ಗಂಟೆಗೆ ಎಂಟು ಸಲ ಬಡಿದುಕೊಳ್ಳುತ್ತದೆ.

ಮಹದೇವ್ ವಿಷಯ. ಮೂವತ್ತೆರಡು ಮೂವತ್ತಮೂರು ವರ್ಷ ಇರಬಹುದು. ಮಾತು ಕಮ್ಮಿ, ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ಒಂಬತ್ತಕ್ಕೆ ಐದು ನಿಮಿಷ ಮುಂಚೆ ಬರುವುದು ಅವರೊಬ್ಬರೇ. ಆದರೆ ಕೈ! ಬೆಳಗ್ಗೆ ಚಿಮುಟ ಹಿಡಿದರೆ ತುದಿ ಪಟಪಟ ಅನ್ನುತ್ತದೆ. ರಬ್ಬರ್ ಹಾಳೆಗೆ ಒಂದು ಹೊಲಿಗೆ ಹಾಕುವಷ್ಟರಲ್ಲಿ ಮೂರು ದಾರ ಹರಿದರು.

“ಕಾಫಿ ಕುಡ್ದ್ರಾ?”

“ನಾನು ಕಾಫೀನೇ ಕುಡಿಯಲ್ಲ ಮೇಡಂ.”

“ಸಿಗರೇಟು?”

“ಇಲ್ಲ ಮೇಡಂ.”

“ಜಿಮ್ಮು?”

ನಕ್ಕುಬಿಟ್ಟರು. “ಜಿಮ್ಮಾ? ನಾನಾ? ಇಲ್ಲ ಮೇಡಂ.”

ಮತ್ತೆ ಮೂರು ಗಂಟೆಗೆ ಅದೇ ಮನುಷ್ಯ ಕೂತು ಎಂಟು ಹೊಲಿಗೆ ಹಾಕಿದರು ನೋಡಿ, ಮೊಗ್ಗು ಪೋಣಿಸಿದ ಹಾಗೆ. ನನಗೆ ಉರಿದುಹೋಯಿತು. ಮಧ್ಯಾಹ್ನ ಬರುವ ಕೈ ಬೆಳಗ್ಗೆ ಎಲ್ಲಿ ಹೋಗಿರುತ್ತದೆ? ರಾತ್ರಿ ಕುಡಿಯುತ್ತಾರೆ, ಇನ್ನೇನು. ಮುಖ ನೋಡಿದರೆ ಹಾಗೆ ಕಾಣುವುದಿಲ್ಲ, ಮುಖ ನಂಬುವ ಕಾಲ ಹೋಯಿತು.

ಜುಲೈ 12, ಶನಿವಾರ

ಪರೀಕ್ಷೆ. ಕೋಳಿ ತೊಡೆಯ ರಕ್ತನಾಳ, ಎಂಟು ಹೊಲಿಗೆ, ನಲವತ್ತೈದು ನಿಮಿಷ. ಇದರಲ್ಲಿ ಪಾಸಾಗದವರು ನನ್ನ ಲ್ಯಾಬಿನಲ್ಲಿ ಜೀವಂತ ಇಲಿ ಮುಟ್ಟುವ ಹಾಗಿಲ್ಲ. ಇಲಿಗೂ ನೋವಾಗುತ್ತದೆ ಅಂತ ಪ್ರತಿ ಬ್ಯಾಚಿಗೂ ಹೇಳಬೇಕಾಗಿರುವುದೇ ಒಂದು ಕರ್ಮ.

ಹೊಲಿದ ಮೇಲೆ ನಾಳವನ್ನು ಉದ್ದಕ್ಕೆ ಸೀಳಿ ಒಳಗೆ ನೋಡುತ್ತೇನೆ. ಹೊರಗಿಂದ ಎಷ್ಟೇ ಅಂದವಾಗಿದ್ದರೂ ಸೂಜಿ ಒಳಗೆ ಎದುರು ಗೋಡೆಗೂ ಚುಚ್ಚಿದ್ದರೆ ದಾರಿ ಮುಚ್ಚಿಹೋಗುತ್ತದೆ, ರಕ್ತ ಹರಿಯುವುದಿಲ್ಲ, ಕೂಡಿಸಿದ ಬೆರಳು ಮೂರನೇ ದಿನಕ್ಕೆ ಕಪ್ಪಾಗುತ್ತದೆ. ಕೈ ನಡುಗುವವರು ಮಾಡುವ ತಪ್ಪೇ ಅದು. ಮಹದೇವ್ ಮೂರನೆಯದರಲ್ಲೂ ಆರನೆಯದರಲ್ಲೂ ಚುಚ್ಚಿದ್ದರು.

ಉಳಿದ ಐವರೂ ಪಾಸು. ಫೋನಿನವನೂ ಪಾಸು! ದೇವರಿಗೆ ಕಣ್ಣಿಲ್ಲ.

“ಮಧ್ಯಾಹ್ನ ಒಂದ್ಸಲ ಕೊಟ್ ನೋಡ್ತೀರಾ ಮೇಡಂ?” ಅಂತ ಮೆಲ್ಲಗೆ ಕೇಳಿದರು.

“ಮಿಶಿನ್ನಿಗೆ ಸಿಕ್ಕಿದ ಬೆರಳು ನಿಮ್ಮ ಮಧ್ಯಾಹ್ನಕ್ಕೆ ಕಾಯುತ್ತಾ? ಬೆಳಗ್ಗೆ ಒಂಬತ್ತೂವರೆ. ಇಪ್ಪತ್ತೊಂದಕ್ಕೆ ಬನ್ನಿ. ಅಲ್ಲೀವರ್ಗೂ ದಿನಾ ಪ್ರಾಕ್ಟೀಸ್ ಮಾಡಿ.”

ತಲೆಯಾಡಿಸಿ ಹೋದರು. ನನಗೆ ಸ್ವಲ್ಪ ಖುಷಿಯಾಯಿತು ಅಂತ ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ.

ಜುಲೈ 15, ಮಂಗಳವಾರ

ಲಗ್ಗೆರೆಯ ಅಂಜಿನಯ್ಯನ ಕೋಳಿ ಅಂಗಡಿಯಿಂದ ಬಂದ ಹದಿನೈದು ತೊಡೆಗಳನ್ನೂ ಚರ್ಮ ಸುಲಿದು, ಮೂರು ಮೂರು ತುಂಡು ಮಾಡಿ ಕಳಿಸಿದ್ದಾನೆ. ಒಂದರಲ್ಲೂ ನಾಳ ಉಳಿದಿಲ್ಲ. ಫೋನ್ ಮಾಡಿದರೆ, “ಸಾರಿಗೆ ಹಿಂಗಿದ್ರೇ ಚೆಂದ ಮೇಡಂ, ನಿಮಗೋಸ್ಕರ ನಾನೇ ನಿಂತು ಮಾಡ್ಸಿದೀನಿ” ಅನ್ನುತ್ತಾನೆ. ಎಂಟು ವರ್ಷದಿಂದ ಹೇಳುತ್ತಿದ್ದೇನೆ, ಇಡೀ ತೊಡೆ ಬೇಕು, ಕತ್ತಿ ತಾಗಿಸಬೇಡ ಅಂತ. ಸಾರಿಗಲ್ಲ, ಹೊಲಿಯುವುದಕ್ಕೆ ಅಂದರೆ ಪಾಪ, ನನ್ನ ತಲೆ ಕೆಟ್ಟಿದೆ ಅಂದುಕೊಂಡಿದ್ದಾನೆ.

ಪ್ರಾಕ್ಟೀಸಿಗೆ ಏನೂ ಇಲ್ಲದೆ ಮಹದೇವ್ ಇಡೀ ದಿನ ರಬ್ಬರ್ ಹಾಳೆ ಹೊಲಿದರು. ಬೆಳಗ್ಗೆ ಹಾಳು, ಮಧ್ಯಾಹ್ನ ಚಿನ್ನ.

ಜುಲೈ 17, ಗುರುವಾರ

ಇನ್ನು ಫೋನಿನಲ್ಲಿ ಆಗುವ ಕೆಲಸವಲ್ಲ ಅಂತ ಬೆಳಗ್ಗೆ ಆರೂಮುಕ್ಕಾಲಿಗೆ ನಾನೇ ಸ್ಕೂಟರ್ ತೆಗೆದೆ. ಕುರುಬರಹಳ್ಳಿಯಿಂದ ಲಗ್ಗೆರೆ ಎಷ್ಟು ದೂರ, ಆದರೂ ರಿಂಗ್ ರೋಡ್ ದಾಟುವಷ್ಟರಲ್ಲಿ ಸಾಕುಬೇಕಾಯಿತು. ಅಂಜಿನಯ್ಯನ ಎದುರೇ ನಿಂತು, ಇಲ್ಲಿಂದ ಇಲ್ಲಿಗೆ ಬಿಡಿಸು, ಇಲ್ಲಿ ಮುಟ್ಟಬೇಡ ಅಂತ ಬೆರಳಿಟ್ಟು ತೋರಿಸಿದೆ.

ಅವನು ಕೋಳಿ ಬಿಡಿಸುವ ಹೊತ್ತಿನಲ್ಲಿ ಪಕ್ಕಕ್ಕೆ ನೋಡಿದೆ. ಪಕ್ಕದ್ದು ಮುದ್ದೆ ಮೆಸ್ಸು. ಹೊರಗೆ ಶೀಟಿನ ಕೆಳಗೆ ದೊಡ್ಡ ಒಲೆ, ಅದರ ಮೇಲೆ ನನ್ನ ಸೊಂಟದೆತ್ತರಕ್ಕೆ ಬರುವ ಪಾತ್ರೆ. ಒಬ್ಬ ಬನಿಯನ್ ಹಾಕಿಕೊಂಡು, ಟವೆಲ್ ಸುತ್ತಿಕೊಂಡು, ಮಾರುದ್ದದ ಹಿಟ್ಟಿನ ಕೋಲಿನಲ್ಲಿ ಮುದ್ದೆ ತಿರುವುತ್ತಿದ್ದ. ಕೋಲು ಒತ್ತಿ ತಿರುವಿದಾಗಲೆಲ್ಲ ಭುಜದಿಂದ ಮಣಿಕಟ್ಟಿನವರೆಗೆ ನರ ಎದ್ದು ಕಾಣುತ್ತಿತ್ತು. ಬೆವರು ಒರೆಸಿಕೊಳ್ಳಲು ತಿರುಗಿದ. ಡಾ. ಮಹದೇವ್.

ನಾನು ಸರಕ್ಕನೆ ಕೋಳಿ ಗೂಡಿನ ಹಿಂದೆ ಸರಿದೆ. ಯಾಕೆ ಸರಿದೆನೋ.

“ಅವ್ನಾ? ಈ ಮೆಸ್ ನಡ್ಸೋ ನಮ್ ಅಣ್ಣಮ್ಮಕ್ಕನ ಮಗ” ಅಂದ ಅಂಜಿನಯ್ಯ, ಕತ್ತಿ ನಿಲ್ಲಿಸದೆ. “ಡಾಕ್ಟ್ರು ಕಣ್ರೀ. ಎರಡ್ ತಿಂಗ್ಳಾಯ್ತು, ಅಕ್ಕನ ಭುಜ ಹಿಡ್ಕೊಂಡ್ಬುಟ್ಟದೆ, ಕೈ ಎತ್ತಕ್ಕಾಗಲ್ಲ. ತಿರುವೋನೂ ಬಿಟ್ಟೋದ. ಪೀಣ್ಯದ ಫ್ಯಾಕ್ಟ್ರಿ ಜನ ಎಂಟ್ ಗಂಟೆ ಒಳಗೆ ಕಟ್ಟಿಸ್ಕಂಡ್ ಓಗ್ಬೇಕಲ್ಲ, ಅದ್ಕೆ ಇವ್ನೇ ತಿರುವ್ತಾನೆ. ಇನ್ನೂರ್ ಮುದ್ದೆ. ಭಾನ್ವಾರ ಒಂದ್ ದಿನ ರಜ.”

ಒಂದೂವರೆ ಗಂಟೆ ಆ ಕೋಲು ಒತ್ತಿ, ಸ್ನಾನ ಮಾಡಿ, ಬಸ್ಸು ಹಿಡಿದು ಒಂಬತ್ತಕ್ಕೆ ಐದು ನಿಮಿಷ ಮುಂಚೆ ನನ್ನ ಮುಂದೆ ಬಂದು ಕೂರುತ್ತಾರೆ. ಕೈ ನಡುಗದೆ ಇನ್ನೇನಾದೀತು? ಅಷ್ಟು ದುಡಿದ ಸ್ನಾಯು ಸುಮ್ಮನಾಗಲು ನಾಲ್ಕೈದು ಗಂಟೆ ಬೇಕು. ನಾನು ಜಿಮ್ಮು ಅಂತ ಕೇಳಿದೆ, ಅವರು ಇಲ್ಲ ಅಂದರು. ಇಬ್ಬರೂ ಸುಳ್ಳು ಹೇಳಿಲ್ಲ.

ಒಂಬತ್ತಕ್ಕೆ ಬಂದರು, ಕೂತರು, ಕೈ ನಡುಗಿತು. ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ.

ಜುಲೈ 18, ಶುಕ್ರವಾರ

ಹೇಳಲಿಲ್ಲ. ಡಾಕ್ಟರು ಅವರು. ತಮ್ಮ ಮೈಯ ವಿಷಯ ತಾವೇ ತಿಳಿದುಕೊಳ್ಳಬೇಕು.

ಜುಲೈ 19, ಶನಿವಾರ

ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದರು ನಮ್ಮವರು. ನೀವೇ ಮಾಡಿಕೊಳ್ಳಿ ಅಂದೆ. “ಲ್ಯಾಬ್ ಪುರಾಣ ಯಾಕೆ ಬಂದ್ ಆಗಿದೆ? ಹೇಳೇ, ಕೇಳ್ತೀನಿ” ಅಂತ ಸಮಾಧಾನಕ್ಕೆ ಬಂದರು. ಕೇಳುವ ಹೊತ್ತಿಗೆ ಕೇಳದೆ ಈಗ ಬಂದಿದ್ದಾರೆ.

ಜುಲೈ 21, ಸೋಮವಾರ

ಎರಡನೇ ಸಲ. ಎರಡನೇ ಹೊಲಿಗೆಯಲ್ಲೇ ಎದುರು ಗೋಡೆ. ಐವತ್ತೆರಡು ನಿಮಿಷ.

ನಾಳ ಸೀಳುವಾಗ ಮೈಕ್ರೋಸ್ಕೋಪಿನ ಎರಡನೇ ಕಣ್ಣಿನಲ್ಲಿ ಅವರೂ ನೋಡುತ್ತಿದ್ದರು. ಅದು ನಮ್ಮ ಪದ್ಧತಿ, ತಪ್ಪು ಮಾಡಿದವರು ತಪ್ಪು ನೋಡಬೇಕು. “ಗೊತ್ತಾಯ್ತು ಮೇಡಂ” ಅಂತ ಎದ್ದರು. ಉಪಕರಣಗಳನ್ನು ತೊಳೆದು, ಒರೆಸಿ, ತುದಿಗೆ ರಬ್ಬರ್ ಕೊಳವೆ ಹಾಕಿ ಡಬ್ಬಿಗಿಟ್ಟರು. ಹದಿನೇಳು ವರ್ಷದಲ್ಲಿ ಫೇಲಾದ ದಿನ ಉಪಕರಣ ತೊಳೆದಿಟ್ಟ ಡಾಕ್ಟರನ್ನು ನಾನು ನೋಡಿಲ್ಲ. ಇಂಥ ಜನ ಕಂಡರೆ ನನಗೆ ಸಿಟ್ಟು ಬರುತ್ತದೆ. ಫೋನಿನವನ ಹಾಗೆ ಇದ್ದಿದ್ದರೆ ಎಷ್ಟು ಸುಲಭವಿತ್ತು.

ಜುಲೈ 22, ಮಂಗಳವಾರ

ಯೋಗಾನಂದ ಕಾರಿಡಾರಿನಲ್ಲೇ ನಿಲ್ಲಿಸಿ, “ರಾಗಿಣಿ, ನಿಮ್ ಹೆಸ್ರು ಟೈಪ್ ಮಾಡ್ಸಿಟ್ಟಿದೀನಿ. ಬಯೋಡೇಟಾ ಕೊಡಿ” ಅಂದರು. ಬಿಸ್ಕತ್ತಿಲ್ಲ, ಹಾಗಾದರೆ ಇದು ಒಳ್ಳೆಯ ಸುದ್ದಿ. ಮನೆಗೆ ಬಂದು ಬಯೋಡೇಟಾ ಬರೆಯಲು ಕೂತು ಪ್ರಿಂಟರ್ ಸರಿಯಿಲ್ಲ ಅಂತ ಎದ್ದೆ. ಪ್ರಿಂಟರ್ ಆನ್ ಮಾಡಿರಲಿಲ್ಲ.

ಜುಲೈ 23, ಬುಧವಾರ

ನನ್ನ ತಾಳ್ಮೆಗೂ ಒಂದು ಮಿತಿ ಇದೆ.

ಬೆಳಗ್ಗೆ ಮಹದೇವ್ ಬಂದು, ಇವತ್ತು ಪ್ರಾಕ್ಟೀಸಿಗೆ ಕೂರುವುದಿಲ್ಲ ಅಂದರು. ಯಾಕೆ ಅಂದೆ.

“ನಿನ್ನೆ ನರದ ಡಾಕ್ಟ್ರ ಹತ್ರ ಹೋಗಿದ್ದೆ ಮೇಡಂ. ನಮ್ ತಂದೆಗೂ ಕೊನೇಲಿ ಕೈ ನಡುಗ್ತಿತ್ತು. ಅದೇ ಏನಾದ್ರೂ ಬಂತೇನೋ ಅಂತ. ಸ್ಕ್ಯಾನ್ ಬರ್ದವ್ರೆ, ಅಲ್ಲೀವರ್ಗೂ ಒಂದು ಮಾತ್ರೆ, ಇನ್ನೂ ತಗೊಂಡಿಲ್ಲ. ನನ್ ಕೈನೇ ನಂಬೋಕಾಗ್ತಿಲ್ಲ. ಸುಮ್ನೆ ಸರ್ಜರೀನೇ ಬಿಟ್‌ಬಿಡೋದು ವಾಸಿ ಅನ್ಸ್ತಿದೆ. ಯೋಗಾನಂದ್ ಸಾರ್‌ಗೆ ಇವತ್ತು ಹೇಳ್ತೀನಿ. ಅಮ್ಮಂಗಿನ್ನೂ ಹೇಳಿಲ್ಲ.”

ಅದನ್ನು ಹೇಳುತ್ತಾ ಜೇಬಿನಿಂದ ಮಾತ್ರೆ ಚೀಟಿ ತೆಗೆದು ತೋರಿಸಿದರು. ಆ ಚೀಟಿಯೂ ಅಲುಗುತ್ತಿತ್ತು.

ನನಗೆ ಎಲ್ಲಿಂದ ಸಿಟ್ಟು ಬಂತೋ, ಬಾಯಿಂದ ಬಂದೇಬಿಟ್ಟಿತು. “ಏನ್ರೀ ನೀವು? ಎಂ.ಎಸ್. ಓದಿದೀರಾ! ದಿನಾ ಬೆಳಗ್ಗೆ ಇನ್ನೂರು ಮುದ್ದೆ ತಿರುವಿ ಬಂದು, ಕೈ ನಡುಗುತ್ತೆ ಅಂತ ಸ್ಕ್ಯಾನ್ ಮಾಡಿಸ್ತೀರಲ್ರೀ! ಭಾರದ ಕೆಲಸ ಮಾಡಬೇಡಿ ಅಂತ ಮೊದಲ ದಿನ ಹೇಳಲಿಲ್ವಾ?”

ಅವರು ಕಣ್ಣು ಪಿಳಿಪಿಳಿ ಬಿಟ್ಟರು. “ನೀವು ಜಿಮ್ಮು ಅಂದ್ರಿ ಮೇಡಂ.”

“ಜಿಮ್ಮಿಗೂ ಅದಕ್ಕೂ ಏನ್ರೀ ವ್ಯತ್ಯಾಸ?”

“ಮುದ್ದೆ ತಿರುವೋದು... ಅದೂ ಒಂದು ಕೆಲಸಾನಾ ಮೇಡಂ? ಹತ್ತನೇ ಕ್ಲಾಸಲ್ಲೇ ಕಲ್ತಿದ್ದು. ಅದು ಮನೇದು.” ಅಂದವರೇ ತಮ್ಮ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡರು. ಆಮೇಲೆ ನಕ್ಕರು. ನಗುತ್ತಲೇ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡರು. ನಾನು ನೀರು ತಂದುಕೊಟ್ಟೆ.

ಕುಡಿದು ಕೇಳಿದರು, “ನಿಮಗೆ ಹೆಂಗ್ ಗೊತ್ತಾಯ್ತು?”

“ಅಂಜಿನಯ್ಯನ ಅಂಗಡಿಗೆ ಬಂದಿದ್ದೆ. ಹೋದ ಗುರುವಾರ.”

ಹೋದ ಗುರುವಾರ. ಸೋಮವಾರ ಪರೀಕ್ಷೆಯಾಗಿತ್ತು. ಅವರು ಮನಸ್ಸಿನಲ್ಲೇ ದಿನ ಎಣಿಸಿದ್ದು ನನಗೆ ಕಂಡಿತು. “ಹೌದಾ” ಅಂದರು, ಅಷ್ಟೇ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಕೊನೆಯ ಸಲ ಇಪ್ಪತ್ತೆಂಟಕ್ಕೆ, ಸೋಮವಾರ. ಅವತ್ತೊಂದು ದಿನ ತಿರುವಬೇಡಿ ಅಂದೆ. ಆಗಲ್ಲ ಮೇಡಂ, ಅಮ್ಮನ ಭುಜ ಏಳಲ್ಲ, ಬೇರೆ ಜನ ಇನ್ನೂ ಸಿಕ್ಕಿಲ್ಲ, ಆ ಇನ್ನೂರು ಜನ ಮಧ್ಯಾಹ್ನ ಏನು ತಿನ್ನುತ್ತಾರೆ ಅಂದರು. ನಾನೇನು ಹೋಗಿ ತಿರುವಲಾ? ಎಲ್ಲರ ಸಂಸಾರವೂ ನನ್ನ ತಲೆಗೇ.

ಜುಲೈ 25, ಶುಕ್ರವಾರ

ಯೋಗಾನಂದರ ಹತ್ತಿರ ಜಗಳ. ಭಾನುವಾರ ಲ್ಯಾಬ್ ತೆಗೆಯಬೇಕು ಅಂದೆ.

“ಭಾನ್ವಾರ ಯಾವತ್ತು ತೆಗ್ದಿದೀವಿ? ವಾಚ್‌ಮನ್‌ಗೂ ರಜ.”

“ಬೀಗದ ಕೈ ಕೊಡಿ, ನಾನೇ ತೆಗೀತೀನಿ. ಮಹದೇವ್ ಟೆಸ್ಟು ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ.”

“ಸೋಮವಾರಕ್ಕೂ ಭಾನ್ವಾರಕ್ಕೂ ಏನಮ್ಮಾ ವ್ಯತ್ಯಾಸ?”

“ಇನ್ನೂರು ಮುದ್ದೆ ವ್ಯತ್ಯಾಸ.”

ಅರ್ಥವಾಗಲಿಲ್ಲ ಅವರಿಗೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ರಾಗಿಣಿ, ಇನ್ನ್ ಮೂರು ದಿನ ಸುಮ್ನಿದ್ರೆ ಕುರ್ಚಿ ನಿಮ್ದು. ಗೊತ್ತಿದೆ ತಾನೆ?”

“ಗೊತ್ತಿರೋದಕ್ಕೇ ಸಾರ್ ಬೀಗದ ಕೈ ಕೇಳ್ತಿರೋದು” ಅಂತ ಜೋರಾಗಿಯೇ ಅಂದೆ. ಇದು ಒಳ್ಳೆಯತನ ಗಿಳ್ಳೆಯತನ ಏನೂ ಅಲ್ಲ. ಫೇಲು ಮಾಡುವುದಾದರೆ ಸರಿಯಾಗಿ ಫೇಲು ಮಾಡಬೇಕು. ಅಡುಗೆ ಮನೆಯ ಕೋಲಿನಿಂದ ಫೇಲಾದವರನ್ನು ನಾನು ಫೇಲು ಮಾಡಿದೆ ಅಂತ ಬರೆದುಕೊಳ್ಳಲು ನನಗೆ ಬರುವುದಿಲ್ಲ.

ಶ್ರಾವಣ ಶುರುವಾಗಿದೆ. ಅಂಜಿನಯ್ಯನಿಗೆ ವ್ಯಾಪಾರ ಕಮ್ಮಿ, ಇಡೀ ತೊಡೆಗಳನ್ನು ಕತ್ತಿ ತಾಗಿಸದೆ ಕಳಿಸಿದ್ದಾನೆ.

ಜುಲೈ 27, ಭಾನುವಾರ

ಒಂಬತ್ತೂವರೆಗೆ ಕೂತರು. ಮೊದಲ ಹೊಲಿಗೆಗೆ ಸೂಜಿ ಇಳಿಸುವಾಗಲೇ ನನಗೆ ಗೊತ್ತಾಯಿತು. ಚಿಮುಟದ ತುದಿ ಅಲ್ಲಾಡಲಿಲ್ಲ. ಸೂಜಿ ಗೋಡೆಯೊಳಗೆ ಹೋಯಿತು, ಎದುರು ಬಂತು, ದಾರ ಹಿಂದೆಯೇ ಜಾರಿತು, ಗಂಟು ಕೂತಿತು. ಅವರೂ ಒಂದು ಕ್ಷಣ ಕೈ ನಿಲ್ಲಿಸಿ ತಮ್ಮ ಬೆರಳನ್ನೇ ನೋಡಿಕೊಂಡರು. ಬೆಳಗಿನ ಹೊತ್ತಿನಲ್ಲಿ ಆ ಕೈಯನ್ನು ಲೆನ್ಸಿನ ಕೆಳಗೆ ಅವರೂ ಮೊದಲ ಸಲ ನೋಡಿದ್ದು ಅಂತ ಕಾಣುತ್ತದೆ.

ನಲವತ್ತೊಂದು ನಿಮಿಷ. ಸೀಳಿ ನೋಡಿದೆ. ಎಂಟೂ ಹೊಲಿಗೆ ಸಮ ಸಮ, ಎದುರು ಗೋಡೆಯಲ್ಲಿ ಒಂದು ಗೀರೂ ಇಲ್ಲ. ತಪ್ಪು ಸಿಗಲಿ ಅಂತ ಹುಡುಕಿದ್ದೂ ನಿಜ. ಎರಡು ಸಲ ಹುಡುಕಿದೆ.

ಸಹಿ ಹಾಕಿದೆ. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಅಂತ ಬರೆದರೆ ಸುಳ್ಳಾಗುತ್ತದೆ, ನನಗೆ ಆ ಕುರ್ಚಿ ಬೇಕಾಗಿತ್ತು. ಹದಿನೇಳು ವರ್ಷದಿಂದ ಬೇಕಾಗಿತ್ತು.

ಮಹದೇವ್ ಥ್ಯಾಂಕ್ಸ್ ಅನ್ನಲಿಲ್ಲ. “ಮೇಡಂ, ಒಂದ್ ಕೇಳ್ಲಾ?” ಅಂದರು. “ನನ್ ಥರದವ್ರು ಮುಂಚೆ ಯಾರಾದ್ರೂ ಬಂದಿದ್ರಾ? ಬೆಳಗ್ಗೆ ನಡುಗಿ ಮಧ್ಯಾಹ್ನ ಸರಿ ಹೋಗೋರು?”

“ನಂಗ್ ನೆನಪಿಲ್ಲ” ಅಂದೆ.

ಅವರು ಹೋದ ಮೇಲೆ ಬೀಗ ಹಾಕಲು ಎದ್ದವಳು ಮತ್ತೆ ಕೂತೆ. ರಿಜಿಸ್ಟರಿನ ಹಳೆಯ ಪುಟಗಳನ್ನು ತಿರುಗಿಸಿದೆ. ಮನೆಗೆ ಬಂದಾಗ ಮೂರು ಗಂಟೆ.

ಜುಲೈ 28, ಸೋಮವಾರ

ಹದಿನೇಳು ವರ್ಷದಲ್ಲಿ ಮೂರೂ ಸಲ ಫೇಲಾಗಿ, “ಕೈ ಈ ಕೆಲಸಕ್ಕೆ ಹೊಂದುವುದಿಲ್ಲ” ಅಂತ ನಾನು ಬರೆದು ಕಳಿಸಿದವರು ಹನ್ನೊಂದು ಜನ. ಅದರಲ್ಲಿ ಏಳು ಹೆಸರುಗಳ ಮುಂದೆ ಷರಾ ಕಾಲಮ್ಮಿನಲ್ಲಿ ಇರುವುದು ಹೆಚ್ಚು ಕಮ್ಮಿ ಒಂದೇ ಮಾತು. “ಬೆಳಗ್ಗೆ ನಡುಕ. ಮಧ್ಯಾಹ್ನ ಉತ್ತಮ.” ನನ್ನದೇ ಅಕ್ಷರ, ನನ್ನದೇ ನೀಲಿ ಪೆನ್ನು.

ಏಳರಲ್ಲಿ ಆರು ಹೆಂಗಸರು.

ನೋಡಿದ್ದೆ. ನೋಡಿ ಬರೆದೂ ಇಟ್ಟಿದ್ದೆ. ಅವರು ಬೆಳಗ್ಗೆ ಏನು ಮಾಡಿ ಬರುತ್ತಾರೆ ಅಂತ ಒಬ್ಬರನ್ನೂ ಕೇಳಿಲ್ಲ. ಕಾಫಿ ಕೇಳಿದೆ, ಸಿಗರೇಟು ಕೇಳಿದೆ! ಸೆರಗು ಸಿಕ್ಕಿಸಿಕೊಂಡು ಓಡಿಬಂದ ಹೆಂಗಸನ್ನು ನಿಲ್ಲಿಸಿ ನೀವು ಶಟಲ್ ಆಡುತ್ತೀರಾ ಅಂತ ಕೇಳಿದವಳು ನಾನು. ನನ್ನ ಮನೆಯಲ್ಲಿ ಬಟ್ಟೆಗೆ ಮಿಶಿನ್ನಿದೆ, ರುಬ್ಬುವುದಕ್ಕೆ ಗ್ರೈಂಡರಿದೆ, ನೀರು ಎತ್ತುವುದಕ್ಕೆ ಮೋಟರಿದೆ. ನನ್ನ ಕೈ ಯಾವತ್ತೂ ನಡುಗಿಲ್ಲ ಅಂತ ಜಂಬಪಡುತ್ತಿದ್ದೆನಲ್ಲ.

ಯೋಗಾನಂದ ಎಲ್ಲರನ್ನೂ ಸೇರಿಸಿ ಹೊಸ ಹೆಡ್ಡಿನ ಹೆಸರು ಹೇಳಿದರು. ಚಪ್ಪಾಳೆ ತಟ್ಟಿದೆ. ಸಭೆಯಾದ ಮೇಲೆ ರಿಜಿಸ್ಟರ್ ತಗೊಂಡು ಹೋಗಿ ಮಹದೇವ್ ಮುಂದೆ ಇಟ್ಟು, “ಏಳು ಜನ ಬಂದಿದ್ರು” ಅಂದೆ. ಅವರು ಒಂದೊಂದೇ ಹೆಸರು ಓದಿದರು. “ನಂಬರ್ ಇದೆಯಾ?” ಅಂತ ಕೇಳಿದರು.

ಜುಲೈ 30, ಬುಧವಾರ

ಪಟ್ಟಿಯ ಮೊದಲ ಹೆಸರು ಚೇತನಾ. ಏಳು ವರ್ಷದ ಹಿಂದೆ ಬಂದವಳು, ತುಂಡಾದ ನರ ಮತ್ತೆ ಬೆಳೆಯುವುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ನನ್ನ ಸಹಿ ಇಲ್ಲದೆ ಅವಳು ಇಲಿ ಮುಟ್ಟುವ ಹಾಗಿರಲಿಲ್ಲ, ಇಲಿ ಮುಟ್ಟದೆ ಪಿಎಚ್.ಡಿ. ಇಲ್ಲ. ಎರಡು ದಿನ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಇವತ್ತು ಮಧ್ಯಾಹ್ನ ಮಾಡಿದೆ. ಕೆಂಗೇರಿಯಲ್ಲಿದ್ದಾಳೆ, ಪಿಯು ಹುಡುಗರಿಗೆ ಜೀವಶಾಸ್ತ್ರ ಹೇಳಿಕೊಡುತ್ತಾಳೆ. ನನ್ನ ದನಿ ಗುರುತಿಸಿದಳು.

“ಚೇತನಾ, ಒಂದ್ ವಿಷಯ ಕೇಳಬೇಕಿತ್ತು. ಆವಾಗ ಬೆಳಗ್ಗೆ ಲ್ಯಾಬಿಗೆ ಬರೋ ಮುಂಚೆ ಮನೇಲಿ ಏನೇನು ಮಾಡಿ ಬರ್ತಿದ್ರಿ?”

“ಆವಾಗ ದೀಪಾಂಜಲಿ ನಗರದಲ್ಲಿ ಅತ್ತೆ ಮನೇಲಿದ್ವಿ ಮೇಡಂ. ನೀರು ಕೆಳಗಡೆ ಸಂಪ್ ತೊಟ್ಟಿಗೆ ಬರ್ತಿತ್ತು, ಮೋಟರಿರಲಿಲ್ಲ. ಎರಡನೇ ಮಹಡಿಗೆ ಇಪ್ಪತ್ತು ಬಿಂದಿಗೆ ಹೊರ್ತಿದ್ದೆ. ಆಮೇಲೆ ಏಳ್ ಜನದ ಬಟ್ಟೆ. ಯಾಕೆ ಮೇಡಂ?”

ಹೇಳಿದೆ. ಮುದ್ದೆ, ಕೋಲು, ಸ್ನಾಯು, ರಿಜಿಸ್ಟರು, ನನ್ನ ಅಕ್ಷರ, ಎಲ್ಲ. ಹೇಳುವಾಗ ನನ್ನ ಮಾತು ಎಷ್ಟು ಕೆಟ್ಟದಾಗಿ ತೊದಲಿತು ಅಂದರೆ, ಬೇರೆ ಯಾರಾದರೂ ಹಾಗೆ ಮಾತಾಡಿದ್ದರೆ ಮೊದಲು ನೆಟ್ಟಗೆ ಹೇಳಿ ಅಂತ ಗದರಿರುತ್ತಿದ್ದೆ. ನಿಮ್ಮ ಕೈಯಲ್ಲಿ ದೋಷ ಇರಲಿಲ್ಲ, ತಪ್ಪು ನನ್ನದು ಅಂದೆ.

“ಮೇಡಂ” ಅಂದಳು. “ನಮ್ಮನೇಲಿ ಸೂಜಿಗೆ ದಾರ ಪೋಣಿಸೋದು ನನ್ ಮಗಳು. ನಾಲ್ಕು ವರ್ಷದವಳಿದ್ದಾಗಿಂದ. ಅಮ್ಮನ ಕೈ ಸರಿಯಿಲ್ಲ, ನಡುಗುತ್ತೆ, ಅದಕ್ಕೇ ಅಮ್ಮಂಗೆ ಓದೋಕಾಗಲಿಲ್ಲ ಅಂತ ಮನೇಲೆಲ್ಲ ಮಾತು. ನಾನೂ ಹಂಗೇ ಅಂದ್ಕೊಂಡೆ. ಏಳ್ ವರ್ಷ.”

ಭಾನುವಾರ ಬನ್ನಿ, ಮೈಕ್ರೋಸ್ಕೋಪ್ ಮುಂದೆ ಕೂರಿ ಅಂದೆ. ಸರ್ಟಿಫಿಕೇಟಿಗೆ ಅಲ್ಲ, ಸುಮ್ಮನೆ. ಏನು ಹೇಳುತ್ತಿದ್ದೇನೆ ಅಂತ ನನಗೇ ತಿಳಿಯುತ್ತಿರಲಿಲ್ಲ.

“ನಾನು ಕೂರಲ್ಲ ಮೇಡಂ. ನಂಗೀಗ ಅದು ಬೇಡ” ಅಂದಳು. “ಆದ್ರೆ ಬರ್ತೀನಿ. ಮಗಳನ್ನ ಕರ್ಕೊಂಡ್ ಬರ್ತೀನಿ. ಈಗ ನಂಗ್ ಹೇಳಿದ್ರಲ್ಲ, ಅಮ್ಮನ ಕೈ ಚೆನ್ನಾಗೇ ಇತ್ತು ಅಂತ, ಅದನ್ನ ಅವಳಿಗೆ ನೀವೇ ಹೇಳ್ಬೇಕು. ನಾನ್ ಹೇಳಿದ್ರೆ ನಂಬಲ್ಲ.”

ಹೇಳುತ್ತೇನೆ ಅಂದೆ. ಆ ಹುಡುಗಿಗೆ ಈಗ ಹನ್ನೊಂದು ವರ್ಷವಂತೆ. ಇಷ್ಟು ವರ್ಷದಲ್ಲಿ ಯಾವ ದೊಡ್ಡ ಸರ್ಜನ್ನಿನ ಎದುರೂ ಹೆದರದವಳು, ಭಾನುವಾರಕ್ಕೆ ಇನ್ನು ನಾಲ್ಕು ದಿನ ಅಂತ ಎಣಿಸುತ್ತಾ ಹೆದರಿಕೊಂಡು ಕೂತಿದ್ದೇನೆ.